ಉಳಿಸಿದ್ದು, ಬದಲಿಸಿದ್ದು, ಓಡಿಸಿದ್ದು: ಮೋಟಾರ್‌ಸೈಕಲ್ ಪ್ರದರ್ಶನದ ಮೂರು ಸಾಲುಗಳು

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರದಂದು ಭಾರತದ ಹಲವು ನಗರಗಳಲ್ಲಿ ಅಂತರರಾಷ್ಟ್ರೀಯ ಜಾವಾ ದಿನವನ್ನು ಆಚರಿಸಲಾಗುತ್ತದೆ. ಬೆಂಗಳೂರಿನಲ್ಲಿ ಅಂದು ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳು ಸಾಲುಸಾಲಾಗಿ ಒಂದೇ ಅಂಗಳದಲ್ಲಿ ಸೇರುತ್ತವೆ. ಅವುಗಳಲ್ಲಿ ಹಳೆಯವು ಹೆಚ್ಚಾಗಿ ಮೈಸೂರಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದವು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ತಯಾರಿಸಿದ ಕಂಪನಿಯೇ ಇಲ್ಲವಾದ ಮೇಲೂ ಅದರ ಗಾಡಿಗಳು ತಮ್ಮ ಚಕ್ರಗಳ ಮೇಲೆಯೇ ಉರುಳಿ ಬಂದು ನಿಲ್ಲುವುದು ಸಣ್ಣ ಸಂಗತಿಯಲ್ಲ. ಯಂತ್ರವೊಂದು ಬದುಕುವುದು ಅದನ್ನು ತಯಾರಿಸಿದವರಿಂದ ಮಾತ್ರವಲ್ಲ, ಅದನ್ನು ಬಲ್ಲವರ ಕೈಗಳಿಂದ ಎಂಬುದಕ್ಕೆ ಆ ಅಂಗಳವೇ ಸಾಕ್ಷಿ.

ಈ ಮಾತು ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಪ್ರದೇಶದ ಕನ್ನಡ ಮನೆಗಳಿಗೆ ದೂರದ್ದೇನಲ್ಲ. ದ್ರಾಕ್ಷಿ ತೋಟದ ಪಂಪ್‌ಸೆಟ್ ಮನೆಯಲ್ಲೋ, ಕೊಟ್ಟಿಗೆಯ ಮೂಲೆಯಲ್ಲೋ ಗೋಣಿಚೀಲ ಹೊದ್ದು ನಿಂತ ಅಜ್ಜನ ಕಾಲದ ಬುಲೆಟ್ ಅಥವಾ ಯೆಜ್ಡಿ ಹಲವು ಊರುಗಳಲ್ಲಿ ಕಾಣಸಿಗುತ್ತದೆ. ಅದನ್ನು ತೂಕಕ್ಕೆ ಹಾಕಿ ಗುಜರಿಗೆ ಕೊಡಬೇಕೆ, ದುರಸ್ತಿ ಮಾಡಿಸಿ ಉಳಿಸಬೇಕೆ ಎಂಬ ಪ್ರಶ್ನೆ ಒಂದು ಕಡೆ. ಶಾಲೆಗೆ ಹೋಗುವ ಮಗ ಆ ಗಾಡಿಯನ್ನು, ಅಥವಾ ಅದಕ್ಕಿಂತ ವೇಗದ ಹೊಸ ಗಾಡಿಯನ್ನು, ಯಾವಾಗ ಕೇಳುತ್ತಾನೋ ಎಂಬ ಆತಂಕ ಇನ್ನೊಂದು ಕಡೆ. ಮೋಟಾರ್‌ಸೈಕಲ್ ಪ್ರದರ್ಶನವು ಈ ಎರಡು ಪ್ರಶ್ನೆಗಳನ್ನೂ ಒಂದೇ ಅಂಗಳದಲ್ಲಿ ಎದುರಿಗೆ ತಂದು ನಿಲ್ಲಿಸುತ್ತದೆ.

ಅಂಥ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗಾಡಿಗಳಿರುತ್ತವೆ. ತಯಾರಾದ ರೂಪದಲ್ಲೇ ಕಾಪಾಡಿಕೊಂಡು ಬಂದ ಪುರಾತನ ಗಾಡಿಗಳು ಮೊದಲನೆಯವು. ಒಡೆಯನ ಅಭಿರುಚಿಗೆ ತಕ್ಕಂತೆ ರೂಪ ಬದಲಿಸಿದ ಗಾಡಿಗಳು ಎರಡನೆಯವು. ಓಟದ ಸ್ಪರ್ಧೆಗೆಂದೇ ಸಿದ್ಧವಾದವು ಮೂರನೆಯವು. ನೋಡುವ ಮಗುವಿಗೆ ಮೂರೂ ಒಂದೇ ಬೆರಗು. ಆದರೆ ಮೂರರ ಹಿಂದಿರುವ ದುಡಿಮೆ ಬೇರೆ, ಅಪಾಯ ಬೇರೆ, ಕಾನೂನು ಬೇರೆ. ಅಂಗಳದಲ್ಲಿ ಶೋಭಿಸುವುದೆಲ್ಲ ರಸ್ತೆಯಲ್ಲಿ ಸಲ್ಲುವುದಿಲ್ಲ ಎಂಬ ಭೇದವನ್ನು ಮನೆಯ ಹಿರಿಯರು ಮೊದಲು ಅರಿತರೆ, ಮಕ್ಕಳಿಗೆ ಹೇಳುವುದು ಸುಲಭವಾಗುತ್ತದೆ.

ಮೊದಲ ಸಾಲು: ಉಳಿಸಿದ್ದು

ಜಾವಾ ಎಂಬುದು ಮೂಲತಃ ಚೆಕ್ ದೇಶದ ಹೆಸರು. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನು ಸೇರಿಸಿ ಆ ಹೆಸರನ್ನು ಕಟ್ಟಿದ. ಅದನ್ನು ಮೈಸೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1973ರ ನಂತರ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಮೂರೂವರೆ ದಶಕಗಳ ಕಾಲ ಮೈಸೂರಿನ ಅನೇಕ ಕುಟುಂಬಗಳ ಒಲೆ ಉರಿದದ್ದು ಆ ಕಾರ್ಖಾನೆಯ ಸಂಬಳದಿಂದ.

ಜಾವಾ ಗಾಡಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ತೋರಿಸಬೇಕಾದ ಒಂದು ಚಮತ್ಕಾರವಿದೆ. ಸಾಮಾನ್ಯ ಮೋಟಾರ್‌ಸೈಕಲ್ಲಿನಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ. ಜಾವಾದಲ್ಲಿ ಎಡಬದಿಯ ಒಂದೇ ಲಿವರ್ ಎರಡೂ ಕೆಲಸ ಮಾಡುತ್ತದೆ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ಎಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಅದು ಟೂ-ಸ್ಟ್ರೋಕ್ ಎಂಜಿನ್. ಎಂದರೆ ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಂದು ಸಲ ಇಂಧನ ಉರಿದು ಶಕ್ತಿ ಹುಟ್ಟುತ್ತದೆ. ಎಂಜಿನ್ನಿನ ಒಳಭಾಗಗಳಿಗೆ ಎಣ್ಣೆ ತಲುಪಲೆಂದು ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಆ ಆಯಿಲ್ ಕೂಡ ಉರಿಯುವುದರಿಂದಲೇ ಅದರ ಹೊಗೆ ನೀಲಿ, ಅದರ ವಾಸನೆ ಬೇರೆ. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಇಂಥ ಎಂಜಿನ್ನುಗಳ ಮೋಟಾರ್‌ಸೈಕಲ್ಲುಗಳು ಮಾರುಕಟ್ಟೆಯಿಂದ ಮರೆಯಾದವು.

ಬುಲೆಟ್‌ನ ಕಥೆ ಚೆನ್ನೈಗೆ ಸೇರಿದ್ದು. ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿ 1932ರಲ್ಲಿ ಬುಲೆಟ್ ಎಂಬ ಹೆಸರಿನ ಗಾಡಿಯನ್ನು ಮೊದಲು ಹೊರತಂದಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಏರ್ಪಟ್ಟು, ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಕೆಲಸ ಆರಂಭವಾಯಿತು. 1970ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ತಯಾರಿಕೆ ನಿಂತೇಹೋಯಿತು, ಮದ್ರಾಸಿನಲ್ಲಿ ನಿಲ್ಲಲಿಲ್ಲ. 1977ರಿಂದ ಮದ್ರಾಸಿನ ಬುಲೆಟ್‌ಗಳು ಇಂಗ್ಲೆಂಡಿಗೇ ರಫ್ತಾಗತೊಡಗಿದವು. ತವರಿನಲ್ಲಿ ಅಳಿದದ್ದು ಮದುವೆಯಾಗಿ ಬಂದ ಮನೆಯಲ್ಲಿ ಬೆಳೆದು, ಮತ್ತೆ ತವರಿಗೆ ಬಾಗಿನ ಹೊತ್ತು ಹೋದಂತಾಯಿತು. ಹಳೆಯ ಬುಲೆಟ್‌ಗಳಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಇಂದಿನ ಗಾಡಿ ಓಡಿಸಿ ಅಭ್ಯಾಸವಾದವರು ಅದನ್ನು ಹತ್ತಿದರೆ ನಿಲ್ಲಿಸಬೇಕಾದಾಗ ಗೇರ್ ಒತ್ತುತ್ತಾರೆ. ಹಳೆಯದನ್ನು ಉಳಿಸುವುದೆಂದರೆ ಕಬ್ಬಿಣವನ್ನು ಒರೆಸಿ ಇಡುವುದಷ್ಟೇ ಅಲ್ಲ, ಕೈಕಾಲುಗಳ ಹಳೆಯ ರೂಢಿಯನ್ನೂ ಉಳಿಸಿಕೊಳ್ಳುವುದು.

ಈ ರೂಢಿ ಬರೆದಿಟ್ಟ ಪುಸ್ತಕಗಳಲ್ಲಿ ಇರುವುದಕ್ಕಿಂತ ಮೆಕ್ಯಾನಿಕ್‌ಗಳ ಕೈಯಲ್ಲಿರುವುದೇ ಹೆಚ್ಚು. ಬಿಡಿಭಾಗ ಸಿಗದಿದ್ದಾಗ ಲೇತ್ ಯಂತ್ರದ ಮೇಲೆ ಹೊಸದನ್ನು ತಿರುವಿ ತೆಗೆಯುವುದು, ಕಾರ್ಬ್ಯುರೇಟರಿನ ತೂತನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುವುದು, ಶಬ್ದ ಕೇಳಿಯೇ ಬೇರಿಂಗ್ ಸವೆದಿದೆ ಎಂದು ಹೇಳುವುದು, ಇವೆಲ್ಲ ಗುರುವಿನ ಪಕ್ಕದಲ್ಲಿ ಕೂತು ಕಲಿತ ವಿದ್ಯೆಗಳು. ಪೂಟುಗಳಿಗೆ ಹೆಸರಾದ ದಿಂಡಿಗಲ್ಲಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅರದಿಂದ ಉಜ್ಜಿ ಒಂದೊಂದು ಬೀಗಕ್ಕೂ ಒಂದೊಂದು ಕೀಲಿಕೈಯನ್ನು ಹೊಂದಿಸುವ ಅಲ್ಲಿನ ಕುಶಲಕರ್ಮಿಗಳ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾನ್ಯತೆ ದೊರೆತ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಕಲಿಯುವವರು ಬಂದರೆ ಉಳಿಯುತ್ತದೆ. ಹಳೆಯ ಮೋಟಾರ್‌ಸೈಕಲ್ಲಿನ ಪಾಡೂ ಅದೇ.

ಕೊಯಮತ್ತೂರಿನ ಜಿ.ಡಿ. ನಾಯ್ಡು ಅವರ ಬಾಲ್ಯದ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಬ್ರಿಟಿಷ್ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್‌ಸೈಕಲ್ಲನ್ನು ಕಂಡು ಮರುಳಾದ ಹುಡುಗ, ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಿಂದ ಆ ಗಾಡಿಯನ್ನೇ ಕೊಂಡ. ಕೊಂಡವನು ಊರು ಸುತ್ತಿ ಮೆರೆಯಲಿಲ್ಲ; ಒಂದೊಂದು ಭಾಗವನ್ನೂ ಬಿಚ್ಚಿ, ಮತ್ತೆ ಜೋಡಿಸಿ, ಯಂತ್ರವಿದ್ಯೆ ಕಲಿತ. ಮುಂದೆ ದಕ್ಷಿಣ ಭಾರತದ ದೊಡ್ಡ ಯಂತ್ರೋದ್ಯಮಿಗಳಲ್ಲಿ ಒಬ್ಬರೆನಿಸಿದ ವ್ಯಕ್ತಿಯ ಮೊದಲ ಪಾಠಶಾಲೆ ಒಂದು ಮೋಟಾರ್‌ಸೈಕಲ್ ಆಗಿತ್ತು.

ಇನ್ನು ಕೊಟ್ಟಿಗೆಯ ಗಾಡಿಯ ಕಾಗದಪತ್ರಗಳ ಮಾತು. ಗಾಡಿಯ ಒಡೆಯರು ತೀರಿಕೊಂಡಿದ್ದರೆ, ವಾರಸುದಾರರು ಮೂವತ್ತು ದಿನಗಳೊಳಗೆ ಆ ವಿಷಯವನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಬಹುತೇಕ ಮನೆಗಳಲ್ಲಿ ಈ ಕೆಲಸ ನಡೆಯುವುದೇ ಇಲ್ಲ. ಅಜ್ಜ ತೀರಿ ಹತ್ತು ವರ್ಷವಾದರೂ ಆರ್.ಸಿ. ಪುಸ್ತಕ ಅವರ ಹೆಸರಿನಲ್ಲೇ ಇರುತ್ತದೆ. ಹಾಗೆ ಬಿಟ್ಟಷ್ಟೂ ಗಂಟು ಬಿಗಿಯಾಗುತ್ತದೆ. ತಡವಾಗಿದ್ದರೂ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ತೇನಿ ಅಥವಾ ದಿಂಡಿಗಲ್ಲಿನ ಸಾರಿಗೆ ಕಚೇರಿಯನ್ನು ಕಾಣುವುದೇ ಸರಿಯಾದ ದಾರಿ.

ಖಾಸಗಿ ಮೋಟಾರ್‌ಸೈಕಲ್ಲಿನ ನೋಂದಣಿ ಹದಿನೈದು ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಐವತ್ತು ವರ್ಷ ದಾಟಿದ ಗಾಡಿಗಳಿಗೆ ಇನ್ನೊಂದು ದಾರಿಯಿದೆ. 2021ರ ಜುಲೈ 15ರಂದು ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಚಾಸಿ, ಎಂಜಿನ್ ಅಥವಾ ಮೈಕಟ್ಟು ಬದಲಾಗದೆ ಮೂಲರೂಪದಲ್ಲೇ ಉಳಿದ ಗಾಡಿಗೆ 'ವಿಂಟೇಜ್' ನೋಂದಣಿ ಪಡೆಯಬಹುದು. ಹಳೆಯ ನೋಂದಣಿ ಸಂಖ್ಯೆಯನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಹೊಸದಾಗಿ ಸಂಖ್ಯೆ ಪಡೆದರೆ ಅದರಲ್ಲಿ ರಾಜ್ಯದ ಸಂಕೇತದ ಮುಂದೆ 'ವಿಎ' ಎಂಬ ಗುರುತಿರುತ್ತದೆ. ನಿಯಮದಲ್ಲಿ ಗೊತ್ತುಪಡಿಸಿದ ಶುಲ್ಕ ಮೊದಲ ಸಲಕ್ಕೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ; ಅವಧಿ ಹತ್ತು ವರ್ಷ.

ಈ ನಿಯಮದಲ್ಲಿ ಎಲ್ಲರೂ ಗಮನಿಸಲೇಬೇಕಾದ ಒಂದು ಷರತ್ತಿದೆ. ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ, ಇಂಥ ಕಾರಣಗಳಿಗೆ ಮಾತ್ರ ಅದು ರಸ್ತೆಗೆ ಇಳಿಯಬಹುದು. ಆದ್ದರಿಂದ ಅಜ್ಜನ ಜಾವಾವನ್ನು ಏರಿ ದಿನವೂ ತೋಟಕ್ಕೆ ಹೋಗುವವರಿಗೆ ಸಾಮಾನ್ಯ ನವೀಕರಣವೇ ಸರಿ. 1978ರಲ್ಲಿ ಬಂದ ರೋಡ್‌ಕಿಂಗ್‌ಗೆ 2028ರ ತನಕ ಈ ಅರ್ಹತೆಯೂ ಇಲ್ಲ. ಗಾಡಿಯನ್ನು ಉಳಿಸಲಾಗದೆ ಗುಜರಿಗೆ ಕೊಡುವುದೇ ನಿಶ್ಚಯವಾದರೆ, ನೋಂದಣಿಯನ್ನು ರದ್ದುಪಡಿಸಿಕೊಂಡೇ ಕೊಡಬೇಕು. ಇಲ್ಲವಾದರೆ ಚಾಸಿ ಸಂಖ್ಯೆ ಯಾರ ಕೈ ಸೇರಿತೋ, ನಾಳೆ ಯಾವ ಪ್ರಕರಣದಲ್ಲಿ ಮನೆಯವರ ಹೆಸರು ಬರುತ್ತದೋ ಹೇಳಲಾಗದು.

ಹೊಸ ಕಾಲದ ಇನ್ನೊಂದು ತೊಡಕು ಪೆಟ್ರೋಲಿನದು. ಈಗ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಿಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ನಳಿಕೆ, ವಾಷರುಗಳನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಹಳೆಯ ಗಾಡಿಯ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸದಿರುವುದು, ರಬ್ಬರಿನ ಭಾಗಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸುವುದು ಕ್ಷೇಮ. ಉಳಿಸುವುದೆಂದರೆ ಮುಚ್ಚಿಡುವುದಲ್ಲ. ಆಗಾಗ ಚಾಲೂ ಮಾಡಿ ಓಡಿಸದ ಗಾಡಿ ನಿಂತಲ್ಲೇ ಸಾಯುತ್ತದೆ. ಬಳಸದ ಮಾತಿನಂತೆಯೇ.

ಎರಡನೆಯ ಸಾಲು: ಬದಲಿಸಿದ್ದು

ಎರಡನೆಯ ಸಾಲಿನಲ್ಲಿ ನಿಲ್ಲುವ ಗಾಡಿಗಳು ಯುವಕರನ್ನು ಹೆಚ್ಚು ಸೆಳೆಯುತ್ತವೆ. ಮುಂಚಕ್ರವನ್ನು ದೂರಕ್ಕೆ ಚಾಚಿ, ಹ್ಯಾಂಡಲನ್ನು ಎತ್ತರಕ್ಕೆ ಏರಿಸಿದ ಚಾಪರ್ ಅಮೆರಿಕದಿಂದ ಬಂದ ರೂಪ. ತಗ್ಗಿದ ಹ್ಯಾಂಡಲ್, ಒಂಟಿ ಸೀಟು, ಉದ್ದನೆಯ ಟ್ಯಾಂಕಿನ ಕೆಫೆ ರೇಸರ್ ಲಂಡನ್ನಿನದು. 1950 ಮತ್ತು 60ರ ದಶಕಗಳಲ್ಲಿ ಅಲ್ಲಿನ ಏಸ್ ಕೆಫೆಯಂಥ ಹೋಟೆಲುಗಳ ಮುಂದೆ ಸೇರುತ್ತಿದ್ದ ದುಡಿಯುವ ವರ್ಗದ ಹುಡುಗರು, ತಮ್ಮ ಗಾಡಿಗಳ ಅನಗತ್ಯ ಭಾರವನ್ನೆಲ್ಲ ಕಳಚಿ, ಗಂಟೆಗೆ ನೂರು ಮೈಲಿಯ ವೇಗ ಮುಟ್ಟಲು ಹವಣಿಸುತ್ತಿದ್ದರು. ಆ ರೂಪಕ್ಕೆ ಹುಟ್ಟುಹೆಸರು ಬಂದದ್ದು ಹಾಗೆ. ಇಂದು ಬುಲೆಟ್ಟನ್ನೋ ಯಮಹಾ ಆರ್‌ಎಕ್ಸ್ 100ನ್ನೋ ಆಧಾರವಾಗಿಟ್ಟುಕೊಂಡು ಇಂಥ ರೂಪಗಳನ್ನು ಕಟ್ಟುವ ಕಮ್ಮಟಗಳು ಬೆಂಗಳೂರು, ಚೆನ್ನೈ, ಕೊಯಮತ್ತೂರುಗಳಲ್ಲಿವೆ. 2013ರಲ್ಲಿ ಗೋವಾದಲ್ಲಿ ಆರಂಭವಾದ ಇಂಡಿಯಾ ಬೈಕ್ ವೀಕ್‌ನಂಥ ಉತ್ಸವಗಳಲ್ಲಿ ಇವಕ್ಕೆ ಬಹುಮಾನಗಳೂ ಉಂಟು.

ಗಾಡಿಯ ರೂಪ ಬದಲಿಸುವುದು ಪರದೇಶದಿಂದ ಕಲಿತ ಶೋಕಿ ಮಾತ್ರ ಎಂದೇನೂ ಅಲ್ಲ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಎಂಬ ಪುಟ್ಟ ಗಾಡಿ ಹೊರಬಂತು. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಸುವ ಗಡಿಯ ಊರದು. ಟಿ.ವಿ. ಸುಂದರಂ ಅಯ್ಯಂಗಾರ್ಯರು ಮಧುರೆಯಲ್ಲಿ 1911ರಲ್ಲಿ ಬಿತ್ತಿದ ಸಾರಿಗೆ ಉದ್ಯಮದ ಕೊಂಬೆ ಅದು. ಆ ಗಾಡಿ ಮತ್ತು ಅದರ ತಮ್ಮಂದಿರಾದ ಎಕ್ಸ್‌ಎಲ್ ಗಾಡಿಗಳು ಕಂಬಂ ಕಣಿವೆಯಲ್ಲಿ ಹೊರದ ಹೊರೆಯಿಲ್ಲ. ಬಾಳೆಗೊನೆ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೂವಿನ ಬುಟ್ಟಿ, ಎಲ್ಲಕ್ಕೂ ತಕ್ಕಂತೆ ರೈತರು ಕೊಂಡಿ, ಕಂಬಿ, ಹಲಗೆಗಳನ್ನು ಕಟ್ಟಿಕೊಂಡರು. ಯಾವ ಪ್ರದರ್ಶನದಲ್ಲೂ ನಿಲ್ಲದ ಈ ಗಾಡಿಗಳೂ ಒಡೆಯನ ಅಗತ್ಯಕ್ಕೆ ತಕ್ಕಂತೆ ಮಾರ್ಪಟ್ಟವೇ.

ಆದರೆ ಕಾನೂನಿನ ಗೆರೆ ಇಲ್ಲಿ ಬಿಗಿಯಾಗಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಯಾವ ಒಡೆಯನೂ ತನ್ನ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಾದೇಶಿಕ ಸಾರಿಗೆ ಅಧಿಕಾರಿ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ಈ ನಿಷೇಧವನ್ನು ಸ್ಪಷ್ಟಪಡಿಸಿತು. ರಸ್ತೆಯ ಸುರಕ್ಷತೆಗೆ ಪರೀಕ್ಷೆಯಾಗಿ ಬಂದ ರಚನೆಯನ್ನು ಒಡೆಯನ ಇಚ್ಛೆಯಂತೆ ತಿದ್ದಲಾಗದು ಎಂಬುದು ಅದರ ತಿರುಳು. ಅದೇ ವರ್ಷದ ತಿದ್ದುಪಡಿಯ ನಂತರ, ಹೀಗೆ ಬದಲಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಬೀಳಬಹುದು, ಪರವಾನಗಿಯೂ ಮೂರು ತಿಂಗಳು ಅಮಾನ್ಯವಾಗಬಹುದು.

ಇದರ ಅರ್ಥ ಪ್ರದರ್ಶನದ ಅಂಗಳದಲ್ಲಿ ನಿಂತ ಚಾಪರ್ ಅಪರಾಧಿಯೆಂದಲ್ಲ. ಕಲಾಕೃತಿಯಾಗಿ ಕಟ್ಟಿ, ಲಾರಿಯ ಮೇಲೆ ತಂದು, ಪ್ರದರ್ಶಿಸಿ, ಲಾರಿಯ ಮೇಲೇ ಒಯ್ಯುವ ಗಾಡಿಯ ಪ್ರಶ್ನೆ ಬೇರೆ. ಅದನ್ನು ನೋಡಿ ಬಂದ ಹುಡುಗ ತನ್ನ ಗಾಡಿಯ ಸೈಲೆನ್ಸರ್ ಕೊಯ್ಸಿ, ಹಿಂಬದಿಯ ಮಡ್‌ಗಾರ್ಡ್ ಕಿತ್ತು, ಕನ್ನಡಿ ತೆಗೆದು ಬೀದಿಗಿಳಿದರೆ ಅದು ಬೇರೆಯೇ ಪ್ರಶ್ನೆ. ಅಪಘಾತವಾದಾಗ ವಿಮಾ ಕಂಪನಿ ಆ ಬದಲಾವಣೆಯನ್ನೇ ಮುಂದೆ ಹಿಡಿದು ತಕರಾರು ತೆಗೆಯಬಹುದು. ಆಗ ಪರಿಹಾರದ ಹೊರೆ ಕುಟುಂಬದ ಹೊಲ, ಮನೆಗಳ ಮೇಲೆ ಬೀಳಬಹುದು. ಸೈಲೆನ್ಸರ್‌ನ ಸದ್ದಿಗೆ ತೆರುವ ಬೆಲೆ ದಂಡದ ಮೊತ್ತಕ್ಕೇ ಮುಗಿಯುವುದಿಲ್ಲ.

ಮೂರನೆಯ ಸಾಲು: ಓಡಿಸಿದ್ದು

ಓಟದ ಗಾಡಿಯನ್ನು ಹತ್ತಿರದಿಂದ ನೋಡಿದವರಿಗೆ ಮೊದಲು ಕಾಣುವುದು ಅದರಲ್ಲಿ ಇಲ್ಲದಿರುವುದು. ಹೆಡ್‌ಲೈಟ್ ಇಲ್ಲ, ಕನ್ನಡಿ ಇಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಎದುರಿನಿಂದ ಯಾರೂ ಬಾರದ, ಎಲ್ಲರೂ ಒಂದೇ ದಿಕ್ಕಿಗೆ ಓಡುವ ಟ್ರ್ಯಾಕಿನಲ್ಲಿ ಅವು ಬೇಕಿಲ್ಲ. ಅದರ ಟೈರುಗಳು ನುಣುಪು. ಗೀರುಗಳಿಲ್ಲದ್ದರಿಂದ ಒಣ ನೆಲಕ್ಕೆ ಹೆಚ್ಚು ರಬ್ಬರ್ ತಾಗಿ ಹಿಡಿತ ಹೆಚ್ಚುತ್ತದೆ. ಅದೇ ಟೈರು ಮಳೆ ಬಿದ್ದ ನೆಲದಲ್ಲಿ ನೀರನ್ನು ಹೊರದೂಡಲಾರದೆ ಜಾರುತ್ತದೆ. ಗಾಡಿಯ ಪ್ರತಿಯೊಂದು ಅಂಗವೂ ಒಂದು ಗೊತ್ತಾದ ನೆಲಕ್ಕೆ, ಒಂದು ಗೊತ್ತಾದ ಹೊತ್ತಿಗೆ ಹೊಂದಿಸಿದ್ದು. ಅಲ್ಲಿಂದ ಹೊರಗೆ ತಂದರೆ ಅದು ನೀರಿನಿಂದ ಹೊರತೆಗೆದ ಮೀನು.

ತಮಿಳುನಾಡು ಈ ಕ್ರೀಡೆಯ ಹಳೆಯ ನೆಲ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೆನ್ನೈ ಬಳಿಯ ಶೋಲಾವರಂನಲ್ಲಿ ಕಟ್ಟಿದ್ದ ವಿಮಾನದಾರಿಯೇ ದಶಕಗಳ ಕಾಲ ಓಟದ ಮೈದಾನವಾಗಿತ್ತು. 1990ರಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಕ್ಲಬ್ಬು ಸ್ವಂತ ಟ್ರ್ಯಾಕನ್ನು ತೆರೆಯಿತು. ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ 2003ರಿಂದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಭಾರತದ ಓಟದ ಕಾರುಗಳಿಗೆ ಹೊಸ ದಾರಿ ತೋರಿ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕಿಡಲಾಗಿದೆ. ತೇನಿ, ದಿಂಡಿಗಲ್ಲಿನ ಯುವಕರಿಗೆ ಇವುಗಳಲ್ಲಿ ಹತ್ತಿರದ್ದು ಇದೇ.

ಕರ್ನಾಟಕದ ಸವಾರರ ಹೆಸರುಗಳೂ ಈ ಇತಿಹಾಸದಲ್ಲಿ ಉಜ್ವಲವಾಗಿವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ, ಸಾವಿರಾರು ಕಿಲೋಮೀಟರ್ ಮರಳು ಮತ್ತು ಕಲ್ಲುದಾರಿಗಳ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯನೆನಿಸಿದರು. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿಯನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದು, ಮೋಟಾರ್‌ಸೈಕಲ್ ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ತಂದ ಮೊದಲ ಭಾರತೀಯರಾದರು. ಮೋಟಾರ್‌ಸೈಕಲ್ ಗಂಡುಮಕ್ಕಳ ಆಟಿಕೆ ಎಂದುಕೊಂಡ ಮನೆಗಳಲ್ಲಿ ಈ ಹೆಸರನ್ನು ಹೆಣ್ಣುಮಕ್ಕಳಿಗೆ ಹೇಳಬೇಕು.

ಗೆಲುವಿನ ಜೊತೆಗೆ ಬೆಲೆಯನ್ನೂ ಹೇಳಬೇಕು. ಅದೇ ಸಂತೋಷ್ 2021ರ ಡಕಾರ್‌ನಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ತಿಂದರು. ವೈದ್ಯರು ಅವರನ್ನು ಕೆಲಕಾಲ ಔಷಧಿಯಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಬೇಕಾಯಿತು. 2023ರ ಆಗಸ್ಟ್ ತಿಂಗಳಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಸ್ಪರ್ಧೆಯ ಓಟವೊಂದರಲ್ಲಿ, ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬಿದ್ದು ಪ್ರಾಣ ಕಳೆದುಕೊಂಡ. ಹೆಲ್ಮೆಟ್, ಚರ್ಮದ ಕವಚ, ತರಬೇತಿ, ಆಂಬುಲೆನ್ಸ್, ವೈದ್ಯರು ಎಲ್ಲ ಇದ್ದ ನೆಲದಲ್ಲಿ ಆದ ಅನಾಹುತವದು. ಇವು ಯಾವುವೂ ಇಲ್ಲದ ಬೋಡಿಮೆಟ್ಟಿನ ತಿರುವುಗಳಲ್ಲಿ, ಕಂಬಂಮೆಟ್ಟಿನ ಏರಿನಲ್ಲಿ, ಕೊಡೈಕಾನಲ್ ಘಾಟಿಯ ಮಂಜಿನಲ್ಲಿ, ಎದುರಿನಿಂದ ಏಲಕ್ಕಿ ತೋಟದ ಕೂಲಿಯಾಳುಗಳನ್ನು ತುಂಬಿಕೊಂಡ ಜೀಪು ಬರುತ್ತಿರುವಾಗ ಪಂದ್ಯ ಕಟ್ಟಿ ಓಡಿಸುವುದು ಕ್ರೀಡೆಯಲ್ಲ. ಬೀಳುವವನು ಒಬ್ಬನೇ ಅಲ್ಲ. ಜೀಪಿನಲ್ಲಿ ಕೂತವರಿಗೂ ಮನೆಗಳಿವೆ.

ಕಾನೂನೂ ಅದನ್ನು ಕ್ರೀಡೆಯೆಂದು ಕಾಣುವುದಿಲ್ಲ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಓಡಿಸಿದರೆ 189ನೆಯ ಕಲಮಿನಡಿ ಮೊದಲ ಸಲ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹದಿನೆಂಟು ತುಂಬದವರಿಗೆ ಗೇರ್ ಗಾಡಿಯ ಪರವಾನಗಿಯೇ ಇಲ್ಲ. ಹದಿನಾರು ತುಂಬಿದವರು ಪರವಾನಗಿ ಪಡೆದು ಓಡಿಸಬಹುದಾದದ್ದು 50 ಸಿ.ಸಿ. ಮೀರದ ಗಾಡಿಯನ್ನು ಮಾತ್ರ.

ಶಾಲಾ ಮಕ್ಕಳ ಪೋಷಕರು ತಿಳಿದಿರಲೇಬೇಕಾದ ಕಲಮು 199ಎ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಇದರ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಗ ಅಥವಾ ಮಗಳು ವಾಹನ ಓಡಿಸಿ ಅಪರಾಧವೆಸಗಿದರೆ, ಪೋಷಕರು ಅಥವಾ ವಾಹನದ ಒಡೆಯರೇ ಅಪರಾಧಿಯೆಂದು ಪರಿಗಣಿತರಾಗುತ್ತಾರೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಮಗುವಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ತಮಗೆ ತಿಳಿಯದಂತೆ ನಡೆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ರುಜುವಾತುಪಡಿಸುವ ಭಾರ ಪೋಷಕರ ಮೇಲೆಯೇ ಇರುತ್ತದೆ. ಅಂಗಡಿಗೆ ಹೋಗಿ ಬಾ ಎಂದು ಕೀಲಿಕೈಯನ್ನು ತಾವೇ ಮಗನ ಕೈಗಿತ್ತ ತಂದೆಗೆ ಅಂಥ ರುಜುವಾತು ಎಲ್ಲಿಂದ ದೊರೆಯಬೇಕು?

ಮೂರೂ ಸಾಲುಗಳನ್ನು ನೋಡಿ ಬಂದ ಮೇಲೆ

ಇಷ್ಟೆಲ್ಲ ಎಚ್ಚರಿಕೆಯ ಮಾತುಗಳನ್ನು ಕೇಳಿ ಮಕ್ಕಳನ್ನು ಮೋಟಾರ್‌ಸೈಕಲ್ಲಿನಿಂದ ದೂರವಿಡಬೇಕೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಸಂಗ್ರಹಾಲಯ 1998ರಲ್ಲಿ ನೂರಕ್ಕೂ ಹೆಚ್ಚು ಮೋಟಾರ್‌ಸೈಕಲ್ಲುಗಳನ್ನು ಕಲಾಕೃತಿಗಳಂತೆ ಸಾಲಾಗಿ ನಿಲ್ಲಿಸಿತ್ತು. ಲೋಹ, ಬೆಂಕಿ, ಗಾಳಿ, ಸಮತೋಲ ಇವುಗಳ ಪಾಠಗಳೆಲ್ಲ ಒಂದೇ ಯಂತ್ರದಲ್ಲಿ ಕಣ್ಣಿಗೆ ಕಾಣುವಂತೆ ಅಡಗಿರುವುದು ಅಪರೂಪ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಚಿತ್ರವಾಗಿ ಕಂಡ ನಾಲ್ಕು ಹಂತಗಳ ಎಂಜಿನ್ನನ್ನು ಅಜ್ಜನ ಬುಲೆಟ್‌ನಲ್ಲಿ ಮುಟ್ಟಿ ತಿಳಿಯಬಹುದು. ಅದರ ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ ಚಲಿಸುವ ಉದ್ದ 90 ಮಿಲಿಮೀಟರ್ ಎಂದು ಹೇಳಿ, ಸಿಲಿಂಡರಿನ ಘನಗಾತ್ರ ಎಷ್ಟೆಂದು ಲೆಕ್ಕ ಹಾಕಲು ಕೊಟ್ಟರೆ, ಉತ್ತರ 346 ಸಿ.ಸಿ. ಎಂದು ಮಗುವೇ ಕಂಡುಕೊಳ್ಳುತ್ತದೆ. 350 ಎಂಬ ಹೆಸರಿನ ಹಿಂದಿನ ನಿಜ ಅಂಕೆ ಅದು.

ಹಳೆಯದನ್ನು ಸಲಹುವುದು ಕಂಬಂನ ಕನ್ನಡಿಗರಿಗೆ ಹೊಸ ಪಾಠವೂ ಅಲ್ಲ. ಅಲ್ಲಿನ ನಂದಗೋಪಾಲಸ್ವಾಮಿಯ ತೊಳುವಿನಲ್ಲಿ ನಾಟಿ ದನಗಳನ್ನು ಒಕ್ಕಲಿಗ ಸಮುದಾಯ ತಲೆಮಾರುಗಳಿಂದ ಲಾಭ ನಷ್ಟದ ಲೆಕ್ಕವಿಡದೆ ಪಾಲಿಸಿಕೊಂಡು ಬಂದಿದೆ. ಮಾಟ್ಟುಪೊಂಗಲ್ ದಿನ ಅಲ್ಲಿಗೆ ಹೋಗಿ ಕೈಮುಗಿಯುವ ಮಕ್ಕಳಿಗೆ, ಕೆಲವನ್ನು ಮಾರುವುದಕ್ಕಲ್ಲ, ಮುಂದಿನವರಿಗೆ ಒಪ್ಪಿಸುವುದಕ್ಕೆ ಇಟ್ಟುಕೊಳ್ಳುತ್ತಾರೆ ಎಂಬುದು ಹೇಳದೆಯೇ ಅರ್ಥವಾಗುತ್ತದೆ.

ಹಾಗಾಗಿ ಕೊಟ್ಟಿಗೆಯ ಗಾಡಿಯ ಬಗ್ಗೆ ನಿರ್ಧಾರ ಕೈಗೊಳ್ಳುವ ಮುನ್ನ ಮನೆಯವರು ಒಂದು ಭಾನುವಾರವನ್ನು ಅದಕ್ಕೆ ಕೊಡಬಹುದು. ಗೋಣಿಚೀಲ ಸರಿಸಿ, ಧೂಳು ಒರೆಸಿ, ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಂದಿಗೆ ಮಕ್ಕಳಿಂದಲೇ ತಾಳೆ ನೋಡಿಸಬಹುದು. ಹತ್ತಿರದ ಹಳೆಯ ಮೆಕ್ಯಾನಿಕ್‌ರನ್ನು ಕರೆಸಿ, ಅವರು ಬಿಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಬಹುದು. ಈ ಗಾಡಿ ಎಷ್ಟಕ್ಕೆ ಬಂತು, ಯಾವ ಬೆಳೆ ಮಾರಿ ಕೊಂಡದ್ದು, ಯಾರ ಮದುವೆಗೆ ಯಾರನ್ನು ಕೂರಿಸಿಕೊಂಡು ಯಾವ ಊರಿಗೆ ಹೋಯಿತು ಎಂಬುದನ್ನು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ, ಕನ್ನಡದಲ್ಲೇ ಬರೆದಿಡಲು ಹೇಳಬಹುದು. ಆ ಬರಹ ಶಾಲೆಯ ಪ್ರಬಂಧವೂ ಆದೀತು, ಮನೆಯ ದಾಖಲೆಯೂ ಆದೀತು. ಗಾಡಿ ಮತ್ತೆ ಓಡದೆಹೋದರೂ ಅದು ಉಳಿಯುತ್ತದೆ.

ಓಡುವಂತಾದರೆ, ಕೀಲಿಕೈ ಮಾತ್ರ ಹದಿನೆಂಟು ತುಂಬುವವರೆಗೆ ಹಿರಿಯರ ಪೆಟ್ಟಿಗೆಯಲ್ಲೇ ಇರಲಿ.